ಮನೆಯ ಕಾಗದಪತ್ರ ಎಲ್ಲಿಡಬೇಕು? ಟ್ರಂಕು, ಕಂಪ್ಯೂಟರ್ ಮತ್ತು ಕ್ಲೌಡ್ ಉಗ್ರಾಣ



ಈಗ ನಮ್ಮ ಕಲಘಟಗಿ ತಾಲೂಕಿನ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದಿದೆ. ಕಾಲೇಜಿಗೆ ಹೋಗುವ ಮಗನದೋ ಮಗಳದೋ ಲ್ಯಾಪ್‌ಟಾಪ್ ಇರುತ್ತದೆ. ಅದಿಲ್ಲದ ಮನೆಯಲ್ಲಿಯೂ ಮೊಬೈಲ್ ಉಂಟು. ಹೊಲದ ಉತಾರ, ಆಧಾರ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಬೆಳೆ ವಿಮೆಯ ರಸೀದಿ ಇವುಗಳ ಫೋಟೊಗಳೆಲ್ಲ ಅದರಲ್ಲಿ ಸೇರಿಕೊಂಡಿವೆ. ಹೊಸ ಕಂಪ್ಯೂಟರನ್ನು ತೆರೆದೊಡನೆ ಅದು, ನಿಮ್ಮ ಕಡತಗಳನ್ನು ಕ್ಲೌಡಿನಲ್ಲಿ ಇಡಲೇ ಎಂದು ಕೇಳುತ್ತದೆ. ಹಲವರು ಓದದೆಯೇ ‘ಹೌದು’ ಒತ್ತುತ್ತಾರೆ. ಕೆಲವರು ಹೆದರಿ ‘ಬೇಡ’ ಒತ್ತುತ್ತಾರೆ. ಎರಡೂ ವಿಚಾರ ಮಾಡದೆ ಮಾಡಿದ ಕೆಲಸಗಳೇ. ಬೀಜ ಕೊಳ್ಳುವಾಗ ತಳಿ ಯಾವುದು, ನಮ್ಮ ಭೂಮಿಗೆ ಹೊಂದೀತೇ ಎಂದು ಕೇಳುವ ರೈತನು ಈ ಮಾತಿನಲ್ಲಿಯೂ ನಾಲ್ಕು ಪ್ರಶ್ನೆ ಕೇಳಿ ನಿರ್ಧಾರ ಮಾಡುವುದು ಯೋಗ್ಯ. ಆ ಪ್ರಶ್ನೆಗಳು ಯಾವುವೆಂಬುದನ್ನು ಇಲ್ಲಿ ತಿಳಿಸಲಾಗಿದೆ.

ಕ್ಲೌಡ್ ಎಂದರೇನು?

ಕ್ಲೌಡ್ ಎಂದರೆ ಮೋಡ. ಹೆಸರು ಕೇಳಿ ಯಾರೂ ಆಕಾಶ ನೋಡಬೇಕಾಗಿಲ್ಲ. ನಮ್ಮ ಕಾಗದದ ಫೋಟೊ ಮೇಲೆಲ್ಲೂ ತೇಲುತ್ತಿರುವುದಿಲ್ಲ. ಎಲ್ಲಿಯೋ ಒಂದು ಊರಿನಲ್ಲಿ ಗಟ್ಟಿಮುಟ್ಟಾದ ಕಟ್ಟಡವಿರುತ್ತದೆ. ಅದರೊಳಗೆ ಸಾವಿರಾರು ಕಂಪ್ಯೂಟರುಗಳು ಹಗಲಿರುಳು ನಡೆಯುತ್ತಿರುತ್ತವೆ. ನಮ್ಮ ಕಡತ ಇಂಟರ್‌ನೆಟ್ಟಿನ ಮೂಲಕ ಅಲ್ಲಿಗೆ ಹೋಗಿ ಕೂಡುತ್ತದೆ. ಬೇಕಾದಾಗ ಅದೇ ದಾರಿಯಿಂದ ಮರಳಿ ಬರುತ್ತದೆ. ಇಷ್ಟೇ ಸಂಗತಿ.

ನಮ್ಮ ಜಿಲ್ಲೆಯ ಬಯಲುಸೀಮೆಯ ಊರುಗಳಲ್ಲಿ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ನಮ್ಮದು, ಅದರ ಬಾಯಿಗೆ ಮುಚ್ಚಿದ ಕಲ್ಲೂ ನಮ್ಮದು, ಯಾರ ಅಪ್ಪಣೆಯೂ ಬೇಡ. ಆದರೆ ಒಳಗೆ ನೀರು ಜಿನುಗಿತೆಂದರೆ ಇಡೀ ವರ್ಷದ ಕಾಳು ಮುಗ್ಗಿ ಹೋಗುತ್ತಿತ್ತು. ಮುಂದೆ ಸರಕಾರದ ಉಗ್ರಾಣಗಳು ಬಂದವು. ಅಲ್ಲಿ ಕಾಳಿಟ್ಟರೆ ಕಾವಲುಗಾರ ಅವರವನು, ಔಷಧ ಹೊಡೆಯುವವರೂ ಅವರೇ. ಆದರೆ ಬಾಡಿಗೆ ಕೊಡಬೇಕು, ಪಾವತಿ ಜೋಪಾನ ಮಾಡಬೇಕು, ಅವರ ಕರಾರಿನಂತೆ ನಡೆಯಬೇಕು. ನಿಮ್ಮ ಮನೆಯ ಕಂಪ್ಯೂಟರ್ ಹಗೇವು ಇದ್ದಂತೆ. ಕ್ಲೌಡ್ ಉಗ್ರಾಣ ಇದ್ದಂತೆ. ಯಾವುದು ಒಳ್ಳೆಯದು ಎಂಬ ಪ್ರಶ್ನೆಗಿಂತ ಯಾವ ಕಾಳನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಯೇ ಮುಖ್ಯವಾದದ್ದು.

ಈ ಏರ್ಪಾಡು ನಮಗೆ ತೀರ ಹೊಸದೂ ಅಲ್ಲ. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ಅಂದಿನಿಂದ ನಿಮ್ಮ ಉತಾರ ತಲಾಟಿಯ ದಫ್ತರದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. 2022ರಲ್ಲಿ ಕೇಂದ್ರ ಸರಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕವನ್ನು ಒಂದೇ ಕಂಪ್ಯೂಟರ್ ಏರ್ಪಾಡಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂದರೆ ನೀವು ‘ಬೇಡ’ ಒತ್ತಿದರೂ ನಿಮ್ಮ ಕೆಲವು ದಾಖಲೆಗಳು ಆಗಲೇ ದೂರದ ಉಗ್ರಾಣ ಸೇರಿವೆ. ಉಳಿದವುಗಳ ವಿಷಯದಲ್ಲಿ ಮಾತ್ರ ನಿರ್ಧಾರ ನಿಮ್ಮ ಕೈಯಲ್ಲಿದೆ.

ಒಂದೇ ಕಡೆ ಇಡುವುದರ ಕೇಡು

ಮನೆಯಲ್ಲಿಟ್ಟ ಕಾಗದಕ್ಕೆ ಶತ್ರುಗಳು ಬಹಳ. ಗೆದ್ದಲು, ಇಲಿ, ಸೋರುವ ಮಾಳಿಗೆ, ಬೆಂಕಿ. 2019ರ ಆಗಸ್ಟ್ ತಿಂಗಳಲ್ಲಿ ಸುರಿದ ಮಳೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲಿ ಎಷ್ಟೊಂದು ಮನೆಗಳ ಗೋಡೆ ಬಿದ್ದವು ಎಂಬುದು ನಿಮ್ಮ ನೆನಪಿನಲ್ಲಿದೆ. ಮಣ್ಣಿನ ಗೋಡೆ ಕುಸಿದಾಗ ಅದರ ಬದಿಯ ಟ್ರಂಕೂ ಮಣ್ಣಿನಲ್ಲಿ ಹೂತುಹೋಗುತ್ತದೆ. ಪರಿಹಾರಕ್ಕೆ ಅರ್ಜಿ ಹಾಕುವ ಹೊತ್ತಿಗೆ ಬೇಕಾಗುವ ಮನೆಯ ಉತಾರ, ಪಾಸ್‌ಬುಕ್ಕು, ಆಧಾರ ಕಾರ್ಡು ಇರುವುದೂ ಅದೇ ಟ್ರಂಕಿನಲ್ಲಿ.

ಕಂಪ್ಯೂಟರಿನಲ್ಲಿ ಇಟ್ಟರೆ ಗೆದ್ದಲಿನ ಭಯವಿಲ್ಲ, ನಿಜ. ಆದರೆ ಕಂಪ್ಯೂಟರ್ ಕೆಡುತ್ತದೆ, ಕಳುವಾಗುತ್ತದೆ, ಸಿಡಿಲಿಗೆ ಸುಡುತ್ತದೆ. ಪೆನ್‌ಡ್ರೈವ್ ಅಂಗಿಯ ಜೇಬಿನಲ್ಲಿಯೇ ಉಳಿದು ಬಟ್ಟೆಯೊಡನೆ ತೊಳೆದುಹೋಗುತ್ತದೆ. ನಮ್ಮ ಕಲಘಟಗಿಯ ತೊಟ್ಟಿಲು ಅಜ್ಜನ ಕಾಲದ್ದು ಮೊಮ್ಮಗನ ಕಾಲಕ್ಕೂ ಬರುತ್ತದೆ. ಪೆನ್‌ಡ್ರೈವಿಗೆ ಆ ಬಾಳಿಕೆ ಇಲ್ಲ. ಅದು ಮೊದಲೇ ತಿಳಿಸಿ ಕೆಡುವುದೂ ಇಲ್ಲ.

ಹಾಗಾದರೆ ಕ್ಲೌಡಿನಲ್ಲಿ ಇಟ್ಟರೆ ನಿಶ್ಚಿಂತೆಯೇ? ಅದೂ ಅಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಇಂಥದೇ ಒಂದು ದೊಡ್ಡ ಕಟ್ಟಡಕ್ಕೆ ಬೆಂಕಿ ಬಿತ್ತು. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಅನೇಕ ಗಿರಾಕಿಗಳ ಕಡತಗಳು ಬೂದಿಯಾದವು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರಕಾರದ್ದೇ ಕಟ್ಟಡ ಸುಟ್ಟಿತು. ಅಲ್ಲಿಯ ಸರಕಾರಿ ನೌಕರರು ಕಚೇರಿಯ ಕಡತಗಳನ್ನು ಇಡುತ್ತಿದ್ದ ಉಗ್ರಾಣವೂ ಅದರಲ್ಲಿ ಹೋಯಿತು. ಅದರಲ್ಲಿದ್ದುದು 858 ಟೆರಾಬೈಟ್, ಅಂದರೆ ಸುಮಾರು ಎಂಟೂವರೆ ಲಕ್ಷ ಜಿಬಿ. ಅದಕ್ಕೆ ಹೊರಗೆ ಇನ್ನೊಂದು ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದಲ್ಲಿಯೂ ಹೀಗಾಯಿತು.

ಈ ಎಲ್ಲ ಸಂಗತಿಗಳಿಂದ ತಿಳಿಯುವ ಪಾಠ ಒಂದೇ. ಟ್ರಂಕಾಗಲಿ, ಕಂಪ್ಯೂಟರಾಗಲಿ, ಕ್ಲೌಡಾಗಲಿ, ಒಂದೇ ಕಡೆ ಇಟ್ಟದ್ದು ಇಟ್ಟಂತಲ್ಲ. ಜಾಣ ರೈತನು ಬೀಜದ ಜೋಳವನ್ನೆಲ್ಲ ಒಂದೇ ಮಡಕೆಯಲ್ಲಿ ಇಡುವುದಿಲ್ಲ. ಕಾಗದಕ್ಕೂ ಅದೇ ರೀತಿ: ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ ಇರಲಿ. ಕ್ಲೌಡಿನ ನಿಜವಾದ ಉಪಯೋಗ ಈ ಕೊನೆಯ ಮಾತಿಗೆ. ಮನೆ ಬಿದ್ದರೂ ಅದು ಬೀಳುವುದಿಲ್ಲ.

ಯಾವ ಕಾಗದ ಎಲ್ಲಿರಬೇಕು?

ಮನೆಯ ಕಾಗದಗಳನ್ನೆಲ್ಲ ಹೊರಗೆ ತೆಗೆದು ಚಾಪೆಯ ಮೇಲೆ ಹರವಿರಿ. ಅವುಗಳನ್ನು ಮೂರು ಗುಂಪು ಮಾಡಿರಿ.

ಮೊದಲನೆಯ ಗುಂಪು: ಸರಕಾರದ ಕಡೆ ಈಗಾಗಲೇ ಇರುವಂಥವು. ಚಾಲ್ತಿ ಉತಾರ, ಆಧಾರ, ವಾಹನ ಪರವಾನಿಗೆ ಮೊದಲಾದವು. ಇವು ಕಳೆದರೆ ಮತ್ತೆ ಸಿಗುತ್ತವೆ. ಉತಾರ ಬೇಕಾದಾಗ ಹೊಸದಾಗಿಯೇ ತೆಗೆಸಬೇಕು. ಎರಡು ವರ್ಷ ಹಿಂದಿನ ಉತಾರದ ಫೋಟೊ ಜೋಪಾನ ಮಾಡಿ ಹೆಚ್ಚು ಪ್ರಯೋಜನವಿಲ್ಲ. ಆಧಾರ, ಪರವಾನಿಗೆಗಳಿಗೆ ಕೇಂದ್ರ ಸರಕಾರದ ಡಿಜಿಲಾಕರ್ ಇದೆ. 2015ರಿಂದ ನಡೆಯುತ್ತಿರುವ ಇದಕ್ಕೆ ಹಣ ಕೊಡಬೇಕಾಗಿಲ್ಲ. ಇದರಲ್ಲಿ ಒಂದು ಭೇದವನ್ನು ಲಕ್ಷ್ಯದಲ್ಲಿಡಿರಿ. ಇಲಾಖೆಯೇ ನೇರವಾಗಿ ಡಿಜಿಲಾಕರಿಗೆ ಕಳಿಸಿದ ಪತ್ರಕ್ಕೆ ಮೂಲ ಪತ್ರದಷ್ಟೇ ಮಾನ್ಯತೆ ಉಂಟು. ನೀವೇ ಫೋಟೊ ತೆಗೆದು ಅದರಲ್ಲಿ ಸೇರಿಸಿದ ಕಾಗದ ಬರಿ ನಕಲು. ಹೀಗೆ ಸೇರಿಸಲು 1 ಜಿಬಿ ಜಾಗ ಕೊಡುತ್ತಾರೆ.

ಎರಡನೆಯ ಗುಂಪು: ನಿಮ್ಮ ಮನೆಯಲ್ಲಿ ಮಾತ್ರ ಇರುವಂಥವು. ಖರೀದಿ ಪತ್ರ, ಅಣ್ಣತಮ್ಮಂದಿರ ವಾಟಣಿ ಪತ್ರ, ಕೈಬರಹದ ಹಳೆಯ ಉತಾರ, ಹೊಲದ ಅಳತೆಯ ನಕ್ಷೆ, ಸಾಲ ತೀರಿದ್ದಕ್ಕೆ ಬ್ಯಾಂಕು ಕೊಟ್ಟ ಬೇಬಾಕಿ ಪತ್ರ, ಮಕ್ಕಳ ಹಳೆಯ ಅಂಕಪಟ್ಟಿ. ನಿಜವಾದ ಕಾಳಜಿ ಬೇಕಾದದ್ದು ಈ ಗುಂಪಿಗೆ. ಇವುಗಳ ಮೂಲ ಪ್ರತಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎತ್ತರದ ಜಾಗದಲ್ಲಿರಲಿ. ಇವನ್ನು ಸ್ಕ್ಯಾನ್ ಮಾಡಿ ಒಂದು ಪ್ರತಿ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ ಇಡಿರಿ. ಇನ್ನೊಂದು ಪ್ರತಿ ಕ್ಲೌಡಿನಲ್ಲಿರಲಿ.

ಸ್ಕ್ಯಾನ್ ಪ್ರತಿಯಿಂದ ಹೊಲ ಮಾರಲು ಬರುವುದಿಲ್ಲ, ಬ್ಯಾಂಕಿನವರೂ ಮೂಲ ಪತ್ರವನ್ನೇ ಕೇಳುತ್ತಾರೆ. ಹಾಗಾದರೆ ಇದರಿಂದ ಏನು ಲಾಭ ಎಂದು ನೀವು ಕೇಳಬಹುದು. ನೋಂದಣಿಯಾದ ಪತ್ರ ಕಳೆದರೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ಸಿಗುತ್ತದೆ. ಅದಕ್ಕೆ ದಸ್ತಾವೇಜಿನ ನಂಬರು ಮತ್ತು ವರ್ಷ ಬೇಕು. ಸ್ಕ್ಯಾನ್ ಪ್ರತಿ ಇದ್ದರೆ ಅವು ಕೂಡಲೇ ಸಿಗುತ್ತವೆ; ಇಲ್ಲದಿದ್ದರೆ ಹಳೆಯ ಪುಸ್ತಕ ಹುಡುಕಿಸುತ್ತ ತಿಂಗಳುಗಟ್ಟಲೆ ತಿರುಗಬೇಕು. ಹಳೆಯ ಕಾಗದ ಎಷ್ಟು ಬೇಗ ಹಾಳಾಗುತ್ತದೆಂಬುದನ್ನು ಅರಿತೇ ರಾಜ್ಯದ ಕಂದಾಯ ಇಲಾಖೆಯು ‘ಭೂ ಸುರಕ್ಷಾ’ ಯೋಜನೆಯಲ್ಲಿ ತಹಶೀಲ್ದಾರ ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಸರಕಾರ ತನ್ನ ಕಾಗದಕ್ಕೆ ಮಾಡುವುದನ್ನು ನಾವು ನಮ್ಮ ಕಾಗದಕ್ಕೆ ಮಾಡಬಾರದೇಕೆ?

ಬೇಸಾಯದ ಕಾಗದಗಳೂ ಇದೇ ಗುಂಪಿಗೆ ಸೇರುತ್ತವೆ. ಗೋವಿನಜೋಳ, ಸೋಯಾಅವರೆ, ಹತ್ತಿ ಬೀಜ ಕೊಂಡಾಗ ಬಿಲ್ಲಿನ ಫೋಟೊ, ಚೀಲದ ಮೇಲಿನ ತಳಿ ಮತ್ತು ಲಾಟ್ ನಂಬರಿನ ಫೋಟೊ ತೆಗೆದಿಡಿರಿ. ಬೀಜ ಮೊಳೆಯದೆ ಹೋದರೆ ತಕರಾರು ಕೊಡಲು ಇದೇ ಆಧಾರ. ಬೆಳೆ ವಿಮೆ ಮಾಡಿಸಿದ ಹೊಲದಲ್ಲಿ ಆಣೆಕಲ್ಲು ಬಿದ್ದೋ ನೀರು ನಿಂತೋ ಹಾನಿಯಾದರೆ 72 ತಾಸಿನೊಳಗೆ ವರದಿ ಕೊಡಬೇಕು. ಆ ಅವಸರದಲ್ಲಿ ವಿಮೆಯ ರಸೀದಿ, ಸರ್ವೆ ನಂಬರು, ಬ್ಯಾಂಕ್ ಖಾತೆಯ ನಂಬರು ಒಂದೇ ಕಡೆ ಸಿಕ್ಕರೆ ಅರ್ಧ ದಿನ ಉಳಿಯುತ್ತದೆ.

ಮೂರನೆಯ ಗುಂಪು: ಕ್ಲೌಡಿನಲ್ಲಿ ಇಡಬಾರದಂಥವು. ಎಟಿಎಂ ಕಾರ್ಡಿನ ಎರಡೂ ಬದಿಯ ಫೋಟೊ, ಪಿನ್ ನಂಬರು, ಪಾಸ್‌ವರ್ಡ್ ಬರೆದ ಚೀಟಿ, ಸಹಿ ಮಾಡಿದ ಖಾಲಿ ಚೆಕ್ಕು. ಇವುಗಳ ಫೋಟೊವನ್ನೇ ತೆಗೆಯಬೇಡಿರಿ. ತೆಗೆದಿದ್ದರೆ ಇಂದೇ ಅಳಿಸಿರಿ. ಮೊಬೈಲಿನ ಫೋಟೊಗಳು ತಾವಾಗಿಯೇ ಕ್ಲೌಡಿಗೆ ಹೋಗುವಂತೆ ಎಷ್ಟೋ ಮೊಬೈಲುಗಳಲ್ಲಿ ಏರ್ಪಾಡಿರುತ್ತದೆ.

ಕೀಲಿ ಯಾರ ಕೈಯಲ್ಲಿದೆ?

ಕ್ಲೌಡಿನ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಆಗುವ ಹಾನಿಗೆ ಬೆಂಕಿಗಿಂತ ಕೀಲಿಯೇ ಹೆಚ್ಚು ಕಾರಣ. ಖಾತೆ ತೆರೆದುಕೊಟ್ಟವನು ಯಾರೋ, ಅದರಲ್ಲಿ ಹಾಕಿದ ಮೊಬೈಲ್ ನಂಬರು ಯಾರದೋ, ಪಾಸ್‌ವರ್ಡ್ ಯಾರ ನೆನಪಿನಲ್ಲಿಯೋ. ಉಗ್ರಾಣದಲ್ಲಿ ಕಾಳಿಟ್ಟು ಪಾವತಿಯನ್ನು ಬೇರೆಯವರ ಹೆಸರಿಗೆ ಬರೆಸಿದಂತೆ ಇದು. ಆದುದರಿಂದ ಈ ಕೆಳಗಿನ ಮಾತುಗಳನ್ನು ತಪ್ಪದೆ ಪಾಲಿಸಿರಿ.

1. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿನಲ್ಲಿ ಇರಲಿ. ಝರಾಕ್ಸ್ ಅಂಗಡಿಯವನ ಅಥವಾ ಪರಿಚಯದವರ ಇ-ಮೇಲಿನಲ್ಲಿ ಮಾಡಿಸಬೇಡಿರಿ.

2. ಸಿಮ್ ಬದಲಿಸುವ ಮೊದಲು ಖಾತೆಯಲ್ಲಿ ಹೊಸ ನಂಬರು ಸೇರಿಸಿರಿ. ಬಹುಕಾಲ ಬಳಸದೆ ಬಿಟ್ಟ ನಂಬರು, 90 ದಿನ ಕಳೆದ ಮೇಲೆ, ಬಂದಾಗಬಹುದು. ಮುಂದೆ ಅದೇ ನಂಬರು ಬೇರೆಯವರಿಗೆ ಹೋಗುತ್ತದೆ. ಆಗ ನಿಮ್ಮ ಖಾತೆಯ ಒಟಿಪಿ ಅವರಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ.

3. ಪಾಸ್‌ವರ್ಡ್ ಜೊತೆಗೆ ಎರಡನೆಯ ತಪಾಸಣೆಯನ್ನೂ ಹಾಕಿಸಿರಿ. ಗೂಗಲ್ ಖಾತೆಯಲ್ಲಿ ಇದನ್ನು ಮಾಡಿದಾಗ ಅಡಚಣೆಯ ಕಾಲಕ್ಕೆಂದು ಹತ್ತು ಬದಲಿ ಸಂಖ್ಯೆಗಳನ್ನು ಪಡೆಯಬಹುದು. ಅವನ್ನು ಹಾಳೆಯ ಮೇಲೆ ಬರೆದು ಖರೀದಿ ಪತ್ರದ ಜೊತೆಗೆ ಟ್ರಂಕಿನಲ್ಲಿಡಿರಿ. ಮೊಬೈಲ್ ಕಳೆದ ದಿನ ಅವು ಕೆಲಸಕ್ಕೆ ಬರುತ್ತವೆ.

4. ಮನೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿ. ಯಜಮಾನ ತೀರಿಕೊಂಡ ಮೇಲೆ ಕ್ಲೌಡಿನಲ್ಲಿ ಎಲ್ಲ ಇದೆ ಎಂದು ಕೇಳಿ ಬಲ್ಲ ಹೆಂಡತಿ ಮಕ್ಕಳಿಗೆ ಅದರ ಬಾಗಿಲೇ ಗೊತ್ತಿಲ್ಲದಿದ್ದರೆ ಇಟ್ಟದ್ದು ವ್ಯರ್ಥ. ಖಾತೆಯ ಹೆಸರು, ಪಾಸ್‌ವರ್ಡ್ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಮನೆಯವರಿಗೆ ತೋರಿಸಿ ಇಡಿರಿ.

5. ಖಾತೆಯನ್ನು ಮರೆತುಬಿಡಬೇಡಿರಿ. ಎರಡು ವರ್ಷ ಬಳಸದ ಖಾತೆಯನ್ನು ಅದರೊಳಗಿನ ಕಡತಗಳ ಸಹಿತ ಅಳಿಸುವ ಅಧಿಕಾರವನ್ನು ಗೂಗಲ್ ಇಟ್ಟುಕೊಂಡಿದೆ. ವರ್ಷಕ್ಕೆ ಎರಡು ಸಲವಾದರೂ ಬಾಗಿಲು ತೆರೆದು ನೋಡಿರಿ.

ಕಂಪ್ಯೂಟರಿನಲ್ಲಿ ಲಕ್ಷ್ಯ ಕೊಡತಕ್ಕ ಮೂರು ಸಂಗತಿ

ಮೊದಲನೆಯದು ಜಾಗ. ಗೂಗಲ್ ಕಂಪನಿ ಪುಕ್ಕಟೆಯಾಗಿ 15 ಜಿಬಿ ಜಾಗ ಕೊಡುತ್ತದೆ. ಅದರಲ್ಲಿಯೇ ಇ-ಮೇಲ್, ಫೋಟೊ, ಕಡತ ಎಲ್ಲವೂ ಹಿಡಿಯಬೇಕು. ಮೈಕ್ರೊಸಾಫ್ಟ್ ಕಂಪನಿಯ ಒನ್‌ಡ್ರೈವ್ ಕೊಡುವುದು 5 ಜಿಬಿ. ಒಂದು ಹಾಳೆಯ ಸ್ಕ್ಯಾನ್ ಸುಮಾರು 1 ಎಂಬಿ ಎಂದು ಹಿಡಿದರೆ ಇಡೀ ಮನೆತನದ 200 ಹಾಳೆಗೆ 200 ಎಂಬಿ ಸಾಕು. 15 ಜಿಬಿಯಲ್ಲಿ ಇದು ಎಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಹೀಗಿರುವಲ್ಲಿ ಕಾಗದಪತ್ರಕ್ಕಾಗಿ ಹಣ ಕೊಟ್ಟು ಜಾಗ ಕೊಳ್ಳುವ ಕಾರಣವಿಲ್ಲ. ಜಾಗ ತುಂಬಿಸುವವು ಮದುವೆ, ಜಾತ್ರೆಗಳ ವಿಡಿಯೋಗಳು. ತುಂಬಿತೆಂದರೆ ಹೊಸ ಕಡತ ಸೇರುವುದಿಲ್ಲ, ಗೂಗಲ್ ಖಾತೆಯಾದರೆ ಇ-ಮೇಲ್ ಬರುವುದೂ ನಿಲ್ಲುತ್ತದೆ. ಆಮೇಲೆ ತಿಂಗಳ ಬಾಡಿಗೆ ಕೊಡಿರೆಂದು ಸೂಚನೆ ಬರುತ್ತದೆ. ವಿಡಿಯೋಗಳನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿಟ್ಟು ಕ್ಲೌಡನ್ನು ಕಾಗದಪತ್ರಕ್ಕೆ ಮೀಸಲಿಡುವುದು ಲೇಸು.

ಎರಡನೆಯದು ಜೋಡು ಕೆಲಸ. ಇದಕ್ಕೆ ಸಿಂಕ್ ಎನ್ನುತ್ತಾರೆ. ಮನೆಯ ಕಂಪ್ಯೂಟರಿನಲ್ಲಿಯ ಫೋಲ್ಡರ್ ಮತ್ತು ಕ್ಲೌಡಿನಲ್ಲಿಯ ಫೋಲ್ಡರ್ ಒಂದಕ್ಕೊಂದು ಕನ್ನಡಿ ಇದ್ದಂತೆ. ಇಲ್ಲಿ ಸೇರಿಸಿದ್ದು ಅಲ್ಲಿ ಸೇರುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಜಾಗ ಸಾಲದೆಂದು ಮಗ ಕಂಪ್ಯೂಟರಿನಲ್ಲಿ ಅಳಿಸಿದರೆ, ಕ್ಲೌಡಿನಲ್ಲಿ ಇದೆಯಲ್ಲ ಎಂದು ಸುಮ್ಮನಿರಬೇಡಿರಿ. ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್‌ಗಳಲ್ಲಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಅಷ್ಟರೊಳಗೆ ಎತ್ತಿಕೊಳ್ಳಬೇಕು. ಈ ಕಾರಣಕ್ಕಾಗಿಯೇ ಸಿಂಕ್ ಆಗದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇರಬೇಕು.

ಮೂರನೆಯದು ನೆಟ್‌ವರ್ಕ್. ವಿಂಡೋಸ್ ಕಂಪ್ಯೂಟರಿನಲ್ಲಿ ಒನ್‌ಡ್ರೈವ್ ಮೊದಲಿನಿಂದಲೇ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಅದು ತನ್ನ ಕಡೆಗೆ ಎಳೆದುಕೊಳ್ಳಬಹುದು. ಕಡತದ ಹೆಸರು ಕಣ್ಣಿಗೆ ಕಾಣುತ್ತದೆ, ಒತ್ತಿದರೆ ತೆರೆಯುವುದಿಲ್ಲ. ಏಕೆಂದರೆ ಅದು ನಿಮ್ಮ ಕಂಪ್ಯೂಟರಿನಲ್ಲಿಲ್ಲ, ಕ್ಲೌಡಿನಲ್ಲಿದೆ. ಹೆಸರಿನ ಪಕ್ಕದಲ್ಲಿ ನೀಲಿ ಮೋಡದ ಗುರುತಿದ್ದರೆ ಅದು ದೂರದಲ್ಲಿದೆ; ಹಸಿರು ಗುರುತಿದ್ದರೆ ಮನೆಯಲ್ಲಿದೆ ಎಂದು ತಿಳಿಯಿರಿ. ಕಾಡಂಚಿನ ಊರುಗಳಲ್ಲಿ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ನಿಮಗೆ ಗೊತ್ತಿದ್ದದ್ದೇ. ಆದುದರಿಂದ ಮುಖ್ಯ ಕಡತಗಳ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಿರಿ. ಅವು ಮನೆಯ ಕಂಪ್ಯೂಟರಿನಲ್ಲಿಯೂ ಉಳಿಯುತ್ತವೆ.

ಕಳ್ಳರ ಭಯ

ಕ್ಲೌಡಿನಲ್ಲಿಟ್ಟರೆ ಯಾರಾದರೂ ಕದಿಯುವುದಿಲ್ಲವೇ ಎಂಬ ಸಂಶಯ ಸಹಜ. ಸಂಶಯ ಪಡುವುದು ಒಳ್ಳೆಯದೇ, ಆದರೆ ಸರಿಯಾದ ಕಡೆ ಪಡಬೇಕು. 2023ರಲ್ಲಿ ಮಂಗಳೂರು, ಬೆಂಗಳೂರು ಕಡೆಗಳಲ್ಲಿ ಒಂದು ಬಗೆಯ ಕಳವು ಬೆಳಕಿಗೆ ಬಂತು. ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ ಸಂಖ್ಯೆಯನ್ನು ಬಳಸಿ, ಜನರ ಬ್ಯಾಂಕ್ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಪೊಲೀಸರ ಮುಂದೆ ಬಂದವು. ಹೆಬ್ಬೆಟ್ಟಿನಿಂದ ಹಣ ತೆಗೆಯುವ ಏರ್ಪಾಡನ್ನೇ ಕಳ್ಳರು ದುರುಪಯೋಗ ಮಾಡಿದ್ದರು. ಅಂದರೆ ಖರೀದಿ ಪತ್ರದ ನಕಲು ಬರಿ ಹೊಲದ ಕಾಗದವಲ್ಲ, ಅದರಲ್ಲಿ ನಿಮ್ಮ ಹೆಬ್ಬೆಟ್ಟೂ ಇದೆ.

ಇದಕ್ಕೆ ಉಪಾಯಗಳುಂಟು. ಆಧಾರದ ಮೊಬೈಲ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು. ಹಣ ತೆಗೆಯುವ ದಿನ ಮಾತ್ರ ಬೀಗ ತೆರೆದರಾಯಿತು. ಆಧಾರದ ನಕಲು ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಬಹುದು. ಖರೀದಿ ಪತ್ರದ ಸ್ಕ್ಯಾನನ್ನು ಪಾಸ್‌ವರ್ಡ್ ಹಾಕಿದ ಪಿಡಿಎಫ್ ಮಾಡಿ ಕ್ಲೌಡಿಗೆ ಸೇರಿಸಬಹುದು. ಕಂಪ್ಯೂಟರ್ ಬಲ್ಲ ಹುಡುಗರಿಗೆ ಇದು ಐದು ನಿಮಿಷದ ಕೆಲಸ. ಕ್ಲೌಡಿನ ಕಡತವನ್ನು ಯಾರಿಗಾದರೂ ತೋರಿಸಬೇಕಾದರೆ ಅವರೊಬ್ಬರಿಗೆ ಮಾತ್ರ ಕಾಣುವಂತೆ ಕಳಿಸಿರಿ. ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂಬುದನ್ನು ಆರಿಸಿದರೆ ಬಾಗಿಲು ತೆರೆದಿಟ್ಟು ಮಲಗಿದಂತಾಗುತ್ತದೆ.

ಇನ್ನೊಂದು ಮಾತು. ಕ್ಲೌಡಿಗೆ ಹೆದರುವ ನಾವೇ ಝರಾಕ್ಸ್ ಅಂಗಡಿಯ ವಾಟ್ಸಾಪಿಗೆ ಆಧಾರ, ಪಾಸ್‌ಬುಕ್ಕು, ಉತಾರ ಎಲ್ಲ ಕಳಿಸಿ ಬರುತ್ತೇವೆ. ನಮ್ಮ ಪ್ರಿಂಟು ನಮಗೆ ಸಿಗುತ್ತದೆ, ಕಡತ ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಅಂಗಡಿಯವರು ಒಳ್ಳೆಯವರೇ ಇರಬಹುದು, ಆದರೆ ಆ ಕಂಪ್ಯೂಟರಿನ ಮುಂದೆ ದಿನಕ್ಕೆ ನೂರು ಜನ ನಿಲ್ಲುತ್ತಾರೆ. ಕೆಲಸ ಮುಗಿದ ಮೇಲೆ ನಿಮ್ಮೆದುರಿಗೇ ಅಳಿಸಲು ಹೇಳಿರಿ. ನಿಮ್ಮ ಖಾತೆಯನ್ನು ಅಲ್ಲಿ ತೆರೆದಿದ್ದರೆ ಸೈನ್‌ಔಟ್ ಮಾಡಿಯೇ ಏಳಿರಿ. ಹಣ ಹೋದದ್ದು ತಿಳಿದೊಡನೆ 1930ಕ್ಕೆ ಫೋನ್ ಮಾಡಿರಿ. ತಡ ಮಾಡಿದಷ್ಟೂ ಹಣ ಮರಳುವ ಆಸೆ ಕಡಿಮೆ.

ಸಂಘಗಳ ಕಾರ್ಯದರ್ಶಿಗಳಿಗೆ

ಹಾಲಿನ ಸಂಘ, ಸ್ತ್ರೀಶಕ್ತಿ ಗುಂಪು, ರೈತ ಉತ್ಪಾದಕರ ಕಂಪನಿ ಇವುಗಳ ಲೆಕ್ಕ ಈಗ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. 1905ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸಂಘದ ಜೀವಾಳ ಲೆಕ್ಕದ ಪುಸ್ತಕ. ಅದು ಒಬ್ಬರ ಖಾಸಗಿ ಖಾತೆಯಲ್ಲಿ ಇರಬಾರದು. ಕ್ಲೌಡ್ ಖಾತೆಯನ್ನು ಸಂಘದ ಹೆಸರಿನಲ್ಲಿ ಸಂಘದ ಮೊಬೈಲ್ ನಂಬರಿನಿಂದ ತೆರೆಯಿರಿ. ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರಿಗೂ ಪಾಸ್‌ವರ್ಡ್ ಗೊತ್ತಿರಲಿ. ಕಾರ್ಯದರ್ಶಿ ಬದಲಾದ ದಿನ ಕಪಾಟಿನ ಕೀಲಿಯ ಜೊತೆಗೆ ಇದರ ಕೀಲಿಯನ್ನೂ ಠರಾವಿನಲ್ಲಿ ಬರೆದು ಒಪ್ಪಿಸಬೇಕು. ತಿಂಗಳ ಕೊನೆಗೆ ಲೆಕ್ಕದ ಒಂದು ಪ್ರಿಂಟು ತೆಗೆದು ಸಹಿ ಮಾಡಿಸಿ ಇಡುವ ಪದ್ಧತಿಯನ್ನು ಬಿಡಬೇಡಿರಿ.

ರೈತರು ಕೇಳುವ ಪ್ರಶ್ನೆಗಳು

ಪ್ರಶ್ನೆ: ವಾಟ್ಸಾಪಿನಲ್ಲಿ ಮಗನಿಗೆ ಕಳಿಸಿದ್ದೇನೆ. ಅದು ಸಾಲದೇ?
ಉತ್ತರ: ಸಾಲದು. ವಾಟ್ಸಾಪಿನಲ್ಲಿ ಫೋಟೊ ಕುಗ್ಗುತ್ತದೆ, ಸಣ್ಣ ಅಕ್ಷರ ಓದಲು ಬರುವುದಿಲ್ಲ. ಮೊಬೈಲ್ ಬದಲಿಸಿದಾಗ ಹಳೆಯ ಫೋಟೊ ಸಿಗುವ ಖಾತ್ರಿಯೂ ಇಲ್ಲ. ಅದು ಕಳಿಸುವ ಸಾಧನ, ಇಡುವ ಸಾಧನವಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವರು ಯಾರೂ ಇಲ್ಲ. ನಾವೇನು ಮಾಡಬೇಕು?
ಉತ್ತರ: ಹಾಗಿದ್ದರೆ ಕ್ಲೌಡ್ ಬೇಡ. ಪರರ ಕೈಯಿಂದ ಖಾತೆ ಮಾಡಿಸಿ ಕೀಲಿ ಅವರ ಬಳಿ ಬಿಡುವುದಕ್ಕಿಂತ ಇಲ್ಲದಿರುವುದೇ ವಾಸಿ. ಮುಖ್ಯ ಪತ್ರಗಳ ಝರಾಕ್ಸ್ ಮಾಡಿಸಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಒಂದು ಕಟ್ಟು ಇಡಿರಿ. ಒಂದು ಪ್ರತಿ ಮನೆಯ ಹೊರಗಿರಬೇಕೆಂಬ ನಿಯಮ ಇದರಿಂದಲೂ ಪಾಲನೆಯಾಗುತ್ತದೆ.

ಪ್ರಶ್ನೆ: ಎಲ್ಲ ಕ್ಲೌಡಿನಲ್ಲಿ ಹಾಕಿದ ಮೇಲೆ ಹಳೆಯ ಕಾಗದ ಒಗೆಯಬಹುದೇ?
ಉತ್ತರ: ಎಂದಿಗೂ ಒಗೆಯಬಾರದು. ಅಜ್ಜನ ಕಾಲದ ಖರೀದಿ ಪತ್ರದ ಮೂಲ ಪ್ರತಿಗೆ ಇರುವ ಬೆಲೆ ಅದರ ಫೋಟೊಕ್ಕೆ ಇಲ್ಲ.

ಪ್ರಶ್ನೆ: ಇಟ್ಟದ್ದು ಸರಿಯಾಗಿದೆ ಎಂದು ತಿಳಿಯುವುದು ಹೇಗೆ?
ಉತ್ತರ: ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ಎಷ್ಟು ಮೊಳೆತವೆಂದು ನೋಡುತ್ತೀರಲ್ಲವೇ? ಹಾಗೆಯೇ ಕ್ಲೌಡಿನಿಂದ ಐದು ಕಾಗದಗಳನ್ನು ಬೇರೆ ಮೊಬೈಲಿಗೆ ಇಳಿಸಿ ತೆರೆದು ಓದಿರಿ. ಸರ್ವೆ ನಂಬರು, ಸಹಿ, ಮೊಹರು ಸ್ಪಷ್ಟವಾಗಿ ಕಂಡರೆ ಇಟ್ಟದ್ದು ಸರಿ. ಕಾಣದಿದ್ದರೆ ಹಗಲು ಬೆಳಕಿನಲ್ಲಿ ಹಾಳೆ ಸಮನಾಗಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿರಿ.

ನಿರ್ಧಾರ ಮಾಡುವ ಬಗೆ

ಇಷ್ಟು ಹೇಳಿದ ಮೇಲೆ ನಿರ್ಧಾರ ಕಠಿಣವಲ್ಲ. ನಿಮ್ಮನ್ನು ನೀವೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿರಿ. ಈ ಕಾಗದ ನಮ್ಮ ಮನೆಯ ಹೊರತು ಬೇರೆಲ್ಲಿಯೂ ಇಲ್ಲವೇ? ಖಾತೆಯ ಕೀಲಿ ನಮ್ಮ ಕೈಯಲ್ಲಿಯೇ ಇರುತ್ತದೆಯೇ? ಕ್ಲೌಡ್ ನಾಳೆ ಮುಚ್ಚಿದರೂ ನಮ್ಮ ಬಳಿ ಬೇರೆ ಪ್ರತಿ ಉಳಿಯುತ್ತದೆಯೇ? ವರ್ಷಕ್ಕೆ ಎರಡು ಸಲ ತೆರೆದು ನೋಡುವವರು ಮನೆಯಲ್ಲಿದ್ದಾರೆಯೇ? ನಾಲ್ಕಕ್ಕೂ ಹೌದು ಎಂದಾದರೆ ಆ ಕಾಗದವನ್ನು ಕ್ಲೌಡಿನಲ್ಲಿಡಿರಿ. ಮೊದಲನೆಯದಕ್ಕೆ ಅಲ್ಲ ಎಂದಾದರೆ ಅವಸರವಿಲ್ಲ. ಉಳಿದ ಮೂರರಲ್ಲಿ ಒಂದಕ್ಕೆ ಅಲ್ಲ ಎಂದಾದರೂ ಅದನ್ನು ಸರಿಪಡಿಸಿಕೊಂಡ ಮೇಲೆ ಕೈ ಹಾಕಿರಿ.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆಯಂತೆ ಆಗಬಾರದು. ಈ ಕೆಲಸಕ್ಕೆ ಬೇಕಾದದ್ದು ಒಂದು ಮಧ್ಯಾಹ್ನ ಮಾತ್ರ. ಮುಂಗಾರಿನ ಬಿತ್ತಿಗೆ ಶುರುವಾಗುವ ಮೊದಲು, ಮಳೆ ಮಾಳಿಗ ಸೋರುವ ಮೊದಲು ಇದನ್ನು ಮುಗಿಸಿರಿ. ಆಮೇಲೆ ಪ್ರತಿ ವರ್ಷ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಖಾತೆ ತೆರೆದು ನೋಡಿ, ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಚ್ಚಿ ಪರೀಕ್ಷಿಸಿ, ಆರು ತಿಂಗಳಲ್ಲಿ ಬಂದ ಹೊಸ ಕಾಗದಗಳನ್ನು ಸೇರಿಸಿರಿ. ಮನೆಯ ಓದಿದ ಮಕ್ಕಳನ್ನು ಜೊತೆಗೆ ಕೂಡಿಸಿಕೊಳ್ಳಿರಿ. ಯಾವ ಹೊಲ ಯಾವ ಕಾಗದದಿಂದ ನಮ್ಮದಾಯಿತೆಂಬುದು ಅವರಿಗೂ ತಿಳಿದಂತಾಗುತ್ತದೆ.